ಇಳಿಯಲಿಕ್ಕೊಂದು ಹೊಲ

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಇನ್ನೊಬ್ಬರ ಹೊಲದ ಬದುವಿನ ಮೇಲೆ ನಿಂತು ಕಣ್ಣು ಕಿರಿದು ಮಾಡಿ ನೋಡುವವರು ಒಂದೋ ಕೊಳ್ಳುವವರಿರಬೇಕು, ಇಲ್ಲವೇ ದಾವೆ ಹೂಡುವವರಿರಬೇಕು. ಕಂದಾಯ ಇಲಾಖೆಯಲ್ಲಿ ತಲೆ ಬೋಳಾಗುವ ತನಕ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದ ನನಗೂ ಮೂರನೆಯ ವರ್ಗವೊಂದು ಉಂಟೆಂಬುದು ಗೊತ್ತಿರಲಿಲ್ಲ. ವಿಮಾನ ಇಳಿಸಲಿಕ್ಕೆಂದು ಹೊಲ ನೋಡುವವರದು ಆ ವರ್ಗ. ನನಗೆ ತಿಳಿದ ಮಟ್ಟಿಗೆ ಅದರಲ್ಲಿ ಒಬ್ಬರೇ ಇದ್ದರು. ಈ ಸಲ ಹೋಳಿ ಮುಗಿದ ವಾರ ಅವರೂ ತೀರಿಕೊಂಡದ್ದರಿಂದ ಸದರಿ ವರ್ಗ ಈಗ ಖಾಲಿ ಬಿದ್ದಿದೆ.

ನವನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಕಂಪೌಂಡ್ ಗೋಡೆ. ಅವರದು ಇಳಕಲ್ಲಿನ ಸೀರೆ ವ್ಯಾಪಾರದ ಮನೆತನ. ಅಪ್ಪ, ಅಣ್ಣಂದಿರು, ಅಣ್ಣಂದಿರ ಮಕ್ಕಳು ಎಲ್ಲರೂ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚಿಡುತ್ತ ಬದುಕಿದವರು. ಇವರೊಬ್ಬರು ಹೇಗೋ ತಪ್ಪಿಸಿಕೊಂಡು ಹೋಗಿ ವಿಮಾನ ಹಾರಿಸುವುದನ್ನು ಕಲಿತರು. ಕಲಿತವರು ನಾಲ್ಕು ಕಾಸು ಹೆಚ್ಚು ಸಿಗುವ ದೊಡ್ಡ ವಿಮಾನಗಳ ಕಡೆಗಾದರೂ ಹೋದರೋ, ಅದೂ ಇಲ್ಲ. ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳಲ್ಲಿ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಾಟ ಕಲಿಸುವ ಮಾಸ್ತರಿಕೆಯಲ್ಲೇ ಜೀವಮಾನ ಕಳೆದರು. ವಯಸ್ಸಾದ ಮೇಲೆ ಹೆಂಡತಿಯೊಂದಿಗೆ ಇಲ್ಲಿ ಬಂದು ಮನೆ ಮಾಡಿದರು. ಊರಿಗೆಲ್ಲ ಅವರು ಕ್ಯಾಪ್ಟನ್ ಸಾಹೇಬರು.

ತೆಳ್ಳಗಿನ ಆಳು. ಇಸ್ತ್ರಿ ಕೆಡದ ಬಿಳಿ ಅಂಗಿ. ಮಾತಾಡುವಾಗಲೂ ಕಣ್ಣು ನಮ್ಮ ಮುಖದ ಮೇಲೆ ನಿಲ್ಲದೆ ನಮ್ಮ ಹಿಂದೆ ಏನು ಅಲುಗಾಡುತ್ತಿದೆ ಎಂಬುದರ ಮೇಲಿರುತ್ತಿತ್ತು. ಅವರು ಬಂದ ಹೊಸದರಲ್ಲಿ ನಮ್ಮ ಮನೆಯವಳು ಒಂದು ದಿನ ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ದೂರು ಹೇಳಿದಳು. ಆ ಬಾಜೂ ಮನೆಯವರು ನೋಡಲಿಕ್ಕೆ ಸಂಭಾವಿತರಂತೆ ಕಾಣುತ್ತಾರೆ, ಆದರೆ ದಿನಾ ಮುಂಜಾನೆ ತಂತಿಯ ಮೇಲೆ ಹಾಕಿದ ತನ್ನ ಸೀರೆಯನ್ನು ನಿಂತು ನೋಡಿ ತಲೆ ಆಡಿಸಿ ಹೋಗುತ್ತಾರೆ ಎಂದು. ಇದು ವಿಚಾರಣೆಗೆ ಅರ್ಹವಾದ ಪ್ರಕರಣವೆಂದು ನಾನು ಗಂಭೀರವಾಗಿ ಗೋಡೆಯ ಹತ್ತಿರ ಹೋಗಿ ನಿಂತೆ. ಸಾಹೇಬರು ಸೀರೆ ನೋಡಿದರು, ತಲೆ ಆಡಿಸಿದರು, ನನ್ನನ್ನು ಕಂಡು ಅತ್ಯಂತ ನಿರ್ಮಲವಾಗಿ ನಕ್ಕರು.

"ಇವತ್ತ ಪಡುವಲ ಗಾಳಿ ಐತ್ರಿ ಶಿರಸ್ತೇದಾರ್ರ. ಭಾಳ ಚಲೋ."

ವರದಿ ಕೇಳಿದ ಮೇಲೆ ನಮ್ಮವಳು ಸೀರೆಗಳನ್ನು ಹಿತ್ತಲಿಗೆ ವರ್ಗಾಯಿಸಿದಳು. ಸಾಹೇಬರು ಕೆಲವು ದಿನ ಗಾಳಿಯ ದಿಕ್ಕು ತಿಳಿಯದೆ ಕಂಗಾಲಾಗಿ ತಿರುಗಿದರು. ಕಡೆಗೆ ಅವರ ಬೇಗಂ ಕನಿಕರಪಟ್ಟು ತಮ್ಮದೇ ಒಂದು ಹಳೆಯ ಸೀರೆಯನ್ನು ಮಾಳಿಗೆಯ ಮೇಲೆ ಕಾಯಂ ಆಗಿ ಕಟ್ಟಿಸಿಕೊಟ್ಟರು.

ಅವರಿಗೆ ಜಗತ್ತನ್ನು ಕೇಳಲಿಕ್ಕೆ ಇದ್ದದ್ದು ಒಂದೇ ಪ್ರಶ್ನೆ: ಈಗ ಎಂಜಿನ್ ನಿಂತರೆ ಎಲ್ಲಿ ಇಳಿಸುತ್ತೀರಿ? ನನ್ನ ಸ್ಕೂಟರಿನ ಹಿಂದೆ ಕೂತರೂ ಕೇಳುತ್ತಿದ್ದರು. ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುವಾಗ ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆಂದು ನಿಲ್ಲಿಸಿದರು. ಸಾಹೇಬರು ಡ್ರೈವರನ ಹತ್ತಿರ ಹೋಗಿ ಅದೇ ಪ್ರಶ್ನೆಯನ್ನು ವಿನಯದಿಂದ ಕೇಳಿದರು. ಆತ ಬಶಿಯೊಳಗಿನ ಚಹಾ ಊದುತ್ತ ಇವರನ್ನು ಮೇಲಿನಿಂದ ಕೆಳಗೆ ನೋಡಿದ.

"ನಾ ಯಾಕ ಇಳಸ್ಲಿರಿ ಸಾಹೇಬ್ರ? ಎಂಜಿನ್ ನಿಂತ್ರ ನೀವ ಇಳೀತೀರಿ, ದೂಡಾಕ."

ಸಾಹೇಬರಿಗೆ ಈ ಉತ್ತರ ಬಹಳ ಹಿಡಿಸಿತು. ದಾರಿಯುದ್ದಕ್ಕೂ, ಆ ಮನುಷ್ಯನಲ್ಲಿ ಗಾಬರಿಯೇ ಇಲ್ಲ, ಒಳ್ಳೆಯ ಪೈಲಟ್ ಆಗುತ್ತಿದ್ದ ಎಂದು ಹೇಳುತ್ತಲೇ ಇದ್ದರು.

ಬಾದಾಮಿಗೆ ಕರೆದುಕೊಂಡು ಹೋದಾಗ ಇನ್ನೊಂದು ನಡೆಯಿತು. ದೇಶ ವಿದೇಶದ ಜನ ಬಾಯಿ ತೆರೆದು ಗುಹೆಗಳನ್ನು ನೋಡುತ್ತಿರುವಾಗ ಇವರು ಹೊಂಡದ ಮೆಟ್ಟಿಲ ಮೇಲೆ ಒಣಹಾಕಿದ ಬಟ್ಟೆ ನೋಡಿದರು, ಸುತ್ತಲಿನ ಕೆಂಪು ಬಂಡೆಗಳನ್ನು ನೋಡಿದರು, ಆಮೇಲೆ ನಿಟ್ಟುಸಿರು ಬಿಟ್ಟು, ಚಾಲುಕ್ಯರು ರಾಜಧಾನಿ ಕಟ್ಟುವಾಗ ಸ್ವಲ್ಪ ವಿಚಾರ ಮಾಡಬೇಕಾಗಿತ್ತು, ಎತ್ತ ನೋಡಿದರೂ ಇಳಿಯಲಿಕ್ಕೆ ಜಾಗವೇ ಇಲ್ಲ ಎಂದು ತೀರ್ಪು ಕೊಟ್ಟರು. ಇಷ್ಟು ಶತಮಾನಗಳಲ್ಲಿ ಚಾಲುಕ್ಯರ ಮೇಲೆ ಈ ಆಕ್ಷೇಪಣೆ ಸಲ್ಲಿಸಿದವರು ಬೇರೆ ಯಾರೂ ಇರಲಾರರು.

ನಗುವವರು ನಗುತ್ತಿದ್ದರು. ನವನಗರದ ಚಹಾದಂಗಡಿಯ ನಮ್ಮ ನಿವೃತ್ತರ ಮಂಡಳಿಯಲ್ಲಿ ಒಬ್ಬರು ಒಮ್ಮೆ ಕೇಳಿಬಿಟ್ಟರು: ನಿಮ್ಮ ಎಂಜಿನ್ ಯಾವಾಗಲಾದರೂ ಖರೆ ನಿಂತಿತ್ತೇನು ಎಂದು. ಸಾಹೇಬರು ಇಲ್ಲ ಎಂದರು. ಒಂದು ಸಲವೂ ಇಲ್ಲವೇ? ಒಂದು ಸಲವೂ ಇಲ್ಲ. ಹಾಗಿದ್ದರೆ ಇಷ್ಟು ವರ್ಷ ಹುಡುಗರಿಗೆ ಕಲಿಸಿದ್ದು ಏನು ಎಂದು ಕೇಳಿದವರು ನಕ್ಕರು, ಮಂಡಳಿ ನಕ್ಕಿತು. ಸಾಹೇಬರೂ ನಕ್ಕರು. ಆದರೆ ಮನೆಗೆ ಬರುವ ದಾರಿಯಲ್ಲಿ ಅವರು ಯಾವ ತಂತಿಯ ಮೇಲಿನ ಬಟ್ಟೆಯನ್ನೂ ನೋಡಲಿಲ್ಲ.

ಗೇಟಿನ ಹತ್ತಿರ ನಿಂತು, ಕಲಿಸುವ ಬಗೆಯನ್ನು ನನಗೆ ಬಿಡಿಸಿ ಹೇಳಿದರು. ಮೇಲೆ ಹೋದ ಮೇಲೆ ಮಾಸ್ತರರು ಹೇಳದೆ ಕೇಳದೆ ಎಂಜಿನ್ನಿನ ಜೋರನ್ನು ಪೂರ್ತಿ ಇಳಿಸಿಬಿಡುತ್ತಾರಂತೆ. ಹುಡುಗ ಗಾಬರಿಯಾಗದೆ ಕೆಳಗೊಂದು ಹೊಲ ಆರಿಸಿ, ಗಾಳಿಗೆ ಎದುರಾಗಿ ವಿಮಾನವನ್ನು ತೇಲಿಸುತ್ತ ತರಬೇಕು. ಇನ್ನೇನು ನೆಲ ಬಂತು ಎನ್ನುವಾಗ ಮಾಸ್ತರರು ಮತ್ತೆ ಜೋರು ಕೊಟ್ಟು ಮೇಲಕ್ಕೆ ಒಯ್ಯುತ್ತಾರೆ.

"ಆಂವ ಕೇಳಿದ್ದು ಖರೆ ಐತ್ರಿ. ನಾ ಜೋರು ಇಳಸಿದ್ರೂ ಎಂಜಿನ್ ಒಳಗೊಳಗ ಉಸರಾಡ್ಕೋಂತನ ಇರ್ತೈತಿ. ಹುಡುಗಗೂ ಗೊತ್ತಿರ್ತೈತಿ, ಈ ಮುದುಕ ನನ್ನ ಸಾಯಾಕ ಬಿಡಾಂಗಿಲ್ಲ ಅಂತ. ಖರೇನ ನಿಂತ್ರ ನಾ ಕಲಿಸಿದ್ದು ಉಪಯೋಗಕ್ಕ ಬರ್ತೈತೋ ಇಲ್ಲೋ, ನನಗ ಗೊತ್ತಿಲ್ರಿ."

ಆಮೇಲೆ, ತಮ್ಮ ಹುಡುಗರು ಪಕ್ಕದ ಜಿಲ್ಲೆಯಿಂದ ಎದ್ದು ಈಗಲೂ ನಮ್ಮ ತಲೆಯ ಮೇಲೆ ಹಾರಾಡುತ್ತಿರುತ್ತಾರೆ, ಅವರಿಗೆ ಕೆಳಗೆ ಎಲ್ಲಿ ಜಾಗವಿದೆ ಎಂದಾದರೂ ಹೇಳಬೇಕಲ್ಲ ಎಂದರು. ಹೊಲ ನೋಡುವುದು ಹೀಗೆ ಶುರುವಾಯಿತು. ವಾರಕ್ಕೊಮ್ಮೆ ನನ್ನ ಸ್ಕೂಟರಿನಲ್ಲಿ ಶಿರೂರಿನ ಕಡೆಗೆ, ಅಲ್ಲಿಂದ ಕಮತಗಿಯ ತನಕ. ಉದ್ದನೆಯ, ಸಮ ನೆಲದ, ನಡುವೆ ಬದು ಇಲ್ಲದ, ತುದಿಯಲ್ಲಿ ಕರೆಂಟಿನ ತಂತಿ ಇಲ್ಲದ ಹೊಲ ಕಂಡರೆ ಇಳಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಹಾಕಿ, ಮಣ್ಣು ಹಿಡಿದು ನೋಡಿ, ಮನಸ್ಸಿಗೆ ಬಂದರೆ ಅಲ್ಲಿಂದಲೇ ತಮ್ಮ ಹಳೆಯ ಶಿಷ್ಯರಿಗೆ ಫೋನು ಮಾಡುತ್ತಿದ್ದರು. ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದೆ.

ಇಲ್ಲಿ ಒಂದು ಆಡಳಿತಾತ್ಮಕ ತೊಡಕು ಸಂಭವಿಸಿತು. ನಮ್ಮದು ಅರ್ಧ ಊರು ಅಣೆಕಟ್ಟಿನ ನೀರಿಗೆ ಹೋಗಿ, ಎದ್ದು ಬಂದು ನವನಗರವಾದ ಜಾಗ. ಭೂಸ್ವಾಧೀನ, ಪರಿಹಾರ ಮುಂತಾದ ಶಬ್ದಗಳು ಇಲ್ಲಿನ ಕೂಸುಗಳಿಗೂ ಗೊತ್ತು. ಬರಿ ನೆಲಕ್ಕೆ ಒಂದು ದರ, ಗಿಡಕ್ಕೆ ಬೇರೆ, ಬೋರಿಗೆ ಬೇರೆ, ಶೆಡ್ಡಿಗೆ ಬೇರೆ ಎಂಬುದೂ ಗೊತ್ತು. ಇಂಥಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಹೊಲ ಅಳೆದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಪಕ್ಕದಲ್ಲಿ ಎಲ್ಲರಿಗೂ ಗುರುತಿರುವ ತಹಶೀಲ್ದಾರ ಕಚೇರಿಯ ಹಳೆಯ ಶಿರಸ್ತೇದಾರ ಕೊಡೆ ಹಿಡಿದು ನಿಂತಿದ್ದಾನೆ ಎಂದರೆ ಜನ ಏನು ತಿಳಿಯಬೇಕು?

ಒಂದು ದಿನ ಸಾಹೇಬರು ಚಿಂತೆಯಿಂದ ಹೇಳಿದರು. ತಾವು ಆರಿಸಿದ ಹೊಲವೆಲ್ಲ ಆರಿಸಿದ ಕೆಲವೇ ದಿನಗಳಲ್ಲಿ ಕೆಡುತ್ತಿದೆ. ಒಂದರ ನಡುಮಧ್ಯೆ ತಗಡಿನ ಶೆಡ್ಡು ಎದ್ದಿದೆ. ಇನ್ನೊಂದಕ್ಕೆ ಕಲ್ಲುಕಂಬ ನೆಟ್ಟಿದ್ದಾರೆ. ಮೂರನೆಯದರಲ್ಲಿ ಹೊಸ ಬೋರು. ಕಮತಗಿಯ ಹತ್ತಿರದ ಸಂಗಪ್ಪನ ಹೊಲವಂತೂ ಅವರ ಪ್ರಕಾರ ಜಿಲ್ಲೆಗೇ ಮೊದಲ ದರ್ಜೆಯದು. ಅದರ ತುಂಬ ಈಗ ನಿಂಬೆಯ ಸಸಿ. ತಮ್ಮ ಕಣ್ಣೇ ಆ ಭೂಮಿಗೆ ತಾಗುತ್ತಿದೆ ಎಂದು ಅವರು ನಂಬತೊಡಗಿದ್ದರು.

ಮರುದಿನವೇ ಸಂಗಪ್ಪ ನನ್ನನ್ನು ಸಂತೆಯಲ್ಲಿ ಹಿಡಿದ. ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, ನಿಂಬೆ ಗಿಡವೊಂದಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಕೇಳಿದ. ಯಾವ ಸ್ವಾಧೀನವೂ ಇಲ್ಲ, ಯಾವ ಪರಿಹಾರವೂ ಇಲ್ಲ, ಆ ಸಾಹೇಬರಿಗೂ ಸರಕಾರಕ್ಕೂ ಸಂಬಂಧವೇ ಇಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಿದೆ. ಸಂಗಪ್ಪನ ಮುಖ ಅರಳಿತು.

"ಇಷ್ಟ ಸಾಕ್ರಿ. ಶಿರಸ್ತೇದಾರ್ರು ಇಲ್ಲ ಅಂದ್ರಂದ್ರ ಐತಂತನ ತಿಳಕೋತೀವಿ. ಯಾರ ಮುಂದೂ ಆಡಾಂಗಿಲ್ಲ."

ಸೇವಾವಧಿಯಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಬಂದದ್ದು ನನಗೆ ನೆನಪಿಲ್ಲ. ವಿಷಯವನ್ನು ಸಾಹೇಬರಿಗೆ ಹೇಳಿದಾಗ ಅವರು ನಗಲಿಲ್ಲ. ಬಡವರನ್ನು ಖರ್ಚಿಗೆ ಹಚ್ಚಿದೆವಲ್ಲ ಎಂದು ನೊಂದುಕೊಂಡರು. ಸಂಗಪ್ಪನ ಮನೆಗೆ ತಾವೇ ಹೋಗಿ ತಿಳಿಸಿಯೂ ಬಂದರು. ಸಂಗಪ್ಪ ಅವರನ್ನು ಮಂಚದ ಮೇಲೆ ಕೂರಿಸಿ, ಪೂರ್ತಿ ಕೇಳಿ, ಬೀಳ್ಕೊಟ್ಟ ಮೇಲೆ ಇನ್ನೊಂದು ಸಾಲು ಸಸಿ ಹಚ್ಚಿದ. ಅಲ್ಲಿಗೆ ಸಾಹೇಬರು ಹೊಲ ನೋಡುವುದನ್ನು ನಿಲ್ಲಿಸಿದರು. ಅಷ್ಟು ಹೊತ್ತಿಗೆ ಶಿರೂರಿಗೂ ಕಮತಗಿಗೂ ನಡುವೆ ಅವರು ಮೆಚ್ಚಿದ ಒಂದು ಹೊಲವೂ ಇಳಿಯಲಿಕ್ಕೆ ಯೋಗ್ಯವಾಗಿ ಉಳಿದಿರಲಿಲ್ಲ.

ಅವರ ಶಿಷ್ಯರಲ್ಲಿ ಧಾರವಾಡದ ಕಡೆಯ ಒಬ್ಬ ಹುಡುಗಿಯಿದ್ದಳು. ಹುಡುಗಿ ಎನ್ನುವುದು ನಮ್ಮ ವಯಸ್ಸಿನವರ ಅಭ್ಯಾಸ. ಆಕೆಯೂ ಈಗ ಇನ್ನೊಬ್ಬರಿಗೆ ಕಲಿಸುವ ಮಾಸ್ತರಿಣಿ. ಹೋದ ವರ್ಷದ ಬೇಸಿಗೆಯಲ್ಲಿ ಆಕೆ ಫೋನು ಮಾಡಿ, ಸರ್, ನಿವೃತ್ತರಾದ ಮೇಲೆ ನೀವು ಮೇಲೆ ಬಂದೇ ಇಲ್ಲ, ಒಮ್ಮೆ ಬನ್ನಿ, ನಿಮ್ಮ ಜಿಲ್ಲೆಯನ್ನು ಮೇಲಿನಿಂದ ತೋರಿಸುತ್ತೇನೆ ಎಂದಳು. ನಾಲ್ಕು ಸೀಟಿನ ವಿಮಾನ, ಹಿಂದೆ ಜಾಗವಿತ್ತು. ಇಷ್ಟು ವರ್ಷ ಕೊಡೆ ಹಿಡಿದ ಸೇವೆಯನ್ನು ಪರಿಗಣಿಸಿ ಸಾಹೇಬರು ನನ್ನ ಹೆಸರು ಶಿಫಾರಸು ಮಾಡಿದರು.

ಪಕ್ಕದ ಜಿಲ್ಲೆಯ ರನ್‌ವೇಯಿಂದ ಮುಂಜಾನೆ ಎದ್ದೆವು. ಮುಂದೆ ಎಡಕ್ಕೆ ಆಕೆ, ಬಲಕ್ಕೆ ಸಾಹೇಬರು, ಹಿಂದೆ ನಾನು. ಮೂವರ ಕಿವಿಗೂ ಹೆಡ್‌ಫೋನು, ಒಬ್ಬರ ಮಾತು ಎಲ್ಲರಿಗೂ ಕೇಳುವಂಥದು. ಬಾದಾಮಿಯ ಬಂಡೆಗಳ ಮೇಲೆ ಹೋಗುವಾಗ ಸಾಹೇಬರು ಮುಖ ತಿರುಗಿಸಿಕೊಂಡು ಕೂತರು. ಶಿರೂರು ದಾಟಿದ ಮೇಲೆ ಕೆಳಗೆ ಕರಿನೆಲ ಬಿಚ್ಚಿಕೊಂಡಿತು. ಬಿಳಿಜೋಳ ಕೊಯ್ದು ಹೊಲಗಳೆಲ್ಲ ಬಯಲಾಗಿದ್ದವು. ಸಾಹೇಬರ ಮುಖ ನನಗೆ ಪಕ್ಕದಿಂದ ಕಾಣುತ್ತಿತ್ತು. ಮಡಚಿಟ್ಟ ಸೀರೆಯನ್ನು ಗಿರಾಕಿಯ ಮುಂದೆ ಬಿಚ್ಚಿದಾಗ ಅವರ ಅಣ್ಣಂದಿರ ಮುಖದ ಮೇಲೆ ಬರುತ್ತಿದ್ದ ಕಳೆ ಅದು.

ಆಗ ಎಂಜಿನ್ ಕೆಮ್ಮಿತು. ಒಂದೆರಡು ಸಲ ಗಂಟಲು ಸರಿಮಾಡಿಕೊಂಡಿತು. ಆಮೇಲೆ ನಿಂತಿತು.

ತನಿಖಾಧಿಕಾರಿಗಳು ಹೇಳದೆ ಕೇಳದೆ ಕಚೇರಿಯ ಬಾಗಿಲಲ್ಲಿ ಬಂದು ನಿಂತಾಗ ಒಳಗೆ ಒಂದು ನಿಶ್ಶಬ್ದ ಆಗುತ್ತದೆ. ಅದೇ ನಿಶ್ಶಬ್ದ. ಹೊರಗೆ ಗಾಳಿಯ ಸುಯ್ಯೆನ್ನುವ ಸದ್ದು. ವಿಮಾನದ ಮೂತಿಯ ಮೇಲಿನ ಫ್ಯಾನು ಅದುವರೆಗೆ ತಿರುಗುವ ರಭಸಕ್ಕೆ ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಅದರ ರೆಕ್ಕೆಗಳು ಒಂದೊಂದಾಗಿ ಕಾಣತೊಡಗಿದವು. ಫ್ಯಾನು ಕಾಣದಿರುವುದೇ ಕ್ಷೇಮವೆಂದು ಆ ದಿನ ತಿಳಿದುಕೊಂಡೆ.

ಆಕೆ ಒಂದು ಗುಂಡಿ ಒತ್ತಿದಳು, ಒಂದು ಹಿಡಿಕೆ ತಿರುಗಿಸಿದಳು, ಇನ್ನೊಂದನ್ನು ಎಳೆದಳು. ಎಂಜಿನ್ ಯಾವುದಕ್ಕೂ ಸ್ಪಂದಿಸಲಿಲ್ಲ. ರೇಡಿಯೋದಲ್ಲಿ ವಿಷಯ ತಿಳಿಸಿದಳು. ವಿಮಾನ ಮಾತ್ರ ಕಲ್ಲಿನಂತೆ ಬೀಳದೆ, ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಸಾಗುತ್ತಿತ್ತು. ಸಾಹೇಬರ ಎರಡೂ ಕೈಗಳು ಎದ್ದು ಮುಂದೆ ಹೋದದ್ದನ್ನು ನಾನು ಕಂಡೆ. ಅವರ ಮುಂದೆಯೂ ಆಕೆಯ ಮುಂದಿದ್ದಂಥದೇ ಒಂದು ಹಿಡಿಕೆ ಇತ್ತು. ಕೈಗಳು ಅದರ ತನಕ ಹೋಗಿ ಹಿಂದೆ ಬಂದು ತೊಡೆಯ ಕೆಳಗೆ ಸೇರಿಕೊಂಡವು. ಸಾಹೇಬರು ತಮ್ಮ ಕೈಗಳ ಮೇಲೆ ತಾವೇ ಕೂತುಬಿಟ್ಟರು.

"ಸರ್, ನೀವು ತೊಗೋತೀರೇನ್ರಿ?" ಎಂದಳು ಆಕೆ. ದನಿ ಸಣ್ಣಗಾಗಿತ್ತು.

"ವಿಮಾನ ನಿಂದು. ನಾ ಯಾಕ ತೊಗೊಳ್ಳಿ?"

"ನನಗ ಇದು ಮೊದಲನೇ ಸಲಾರಿ."

"ನನಗೂ ಮೊದಲನೇ ಸಲನ ಬೇಟಾ," ಎಂದರು ಸಾಹೇಬರು. "ಎಲ್ಲಿ ಇಳಸ್ತೀ ಹೇಳು."

ಅವರ ಬಾಯಲ್ಲಿ ಆ ಪ್ರಶ್ನೆಯನ್ನು ಅದೆಷ್ಟೋ ಸಲ ಕೇಳಿದ್ದೆ. ಇಂಥ ಮೆತ್ತನೆಯ ದನಿಯಲ್ಲಿ ಕೇಳಿದ್ದು ಅದೇ ಮೊದಲು.

ಆಕೆ ಎಡಕ್ಕೆ ನೋಡಿ, ರಸ್ತೆಯ ಆಚೆಯ ಉದ್ದನೆಯ ಹೊಲ ಎಂದಳು. ಅದರ ನಡುವೆ ಶೆಡ್ಡು ಇದೆ ಎಂದರು ಸಾಹೇಬರು. ಅದರ ಹಿಂದಿನದು? ಕಲ್ಲುಕಂಬ ನೆಟ್ಟಿದ್ದಾರೆ. ಆ ದೊಡ್ಡದು, ನೀವೇ ಫೋನಿನಲ್ಲಿ ಹೇಳಿದ್ದಿರಲ್ಲ? ನಿಂಬೆ ಹಚ್ಚಿದ್ದಾರೆ. ಸಾಹೇಬರು ಬೆರಳಿಟ್ಟು ಆರಿಸಿದ ಜಿಲ್ಲೆಯ ಉತ್ತಮೋತ್ತಮ ಹೊಲಗಳೆಲ್ಲ ನಮ್ಮ ಕೆಳಗೆ ಒಂದೊಂದಾಗಿ ಬಂದು, ಪರಿಹಾರಕ್ಕೆ ಸರ್ವಸಿದ್ಧವಾಗಿ ಹಿಂದೆ ಸರಿದವು. ಸರಕಾರಕ್ಕೆಂದು ಹಾಕಿದ ಗಾಳಕ್ಕೆ ನಾವು ಮೂವರು ಸಿಕ್ಕಿಬೀಳುವ ಹಂತದಲ್ಲಿದ್ದೆವು. ನಾನು ಬನಶಂಕರಿಯಿಂದ ಹಿಡಿದು ಬೀರಪ್ಪನ ತನಕ, ಅಧಿಕಾರ ವ್ಯಾಪ್ತಿಯನ್ನೂ ನೋಡದೆ, ಎಲ್ಲ ದೇವರಿಗೂ ಏಕಕಾಲಕ್ಕೆ ಅರ್ಜಿ ಗುಜರಾಯಿಸಿದೆ.

"ಸರ್, ಆ ಬೂದಿ ಬಣ್ಣದ್ದು? ಬಲಕ್ಕ?"

ಸಾಹೇಬರು ಬಲಕ್ಕೆ ಬಾಗಿ ನೋಡಿದರು. ಅದು ಮಾಳಪ್ಪನ ಹೊಲ. ನಾವು ನೂರು ಸಲ ಅದರ ಪಕ್ಕದಲ್ಲಿ ಹಾದುಹೋಗಿದ್ದೆವು, ಒಂದು ಸಲವೂ ಸ್ಕೂಟರಿನಿಂದ ಇಳಿದಿರಲಿಲ್ಲ. ಮಾಳಪ್ಪ ಕುರುಬರ ದೇವರು ಬೀರಪ್ಪನ ಒಕ್ಕಲು. ಬೇಸಿಗೆಯಲ್ಲಿ ರಾತ್ರಿ ತನ್ನ ಕುರಿಗಳನ್ನು ಹೊಲದಲ್ಲೇ ಮಲಗಿಸಿ ಗೊಬ್ಬರ ಮಾಡಿಸುತ್ತಿದ್ದ. ಕುರಿ ಇರುವಲ್ಲಿ ವಿಮಾನದ ಮಾತೇಕೆ ಎಂದು ಸಾಹೇಬರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಿಡಿಯದೆ ಇದ್ದದ್ದರಿಂದ ಅಲ್ಲಿ ಶೆಡ್ಡೂ ಇರಲಿಲ್ಲ, ಕಂಬವೂ ಇರಲಿಲ್ಲ.

"ಅದು ನನಗ ಗೊತ್ತಿಲ್ಲ," ಎಂದರು. "ಕುರಿ ಈ ಹೊತ್ತಿನಾಗ ಮೇಯಾಕ ಹೋಗಿರ್ತಾವ. ಉಳದದ್ದು ನೀನ ನೋಡಬೇಕು."

ಆಕೆ ಮತ್ತೆ ಅವರನ್ನು ಕೇಳಲಿಲ್ಲ. ವಿಮಾನ ವಾಲಿತು, ದೊಡ್ಡದೊಂದು ಸುತ್ತು ತಿರುಗಿತು. ಬಾಗಿಲ ಚಿಲಕ ತೆಗೆದು ಸಂದು ಬಿಡಿ, ಕನ್ನಡಕ ಕಿಸೆಯಲ್ಲಿ ಇಟ್ಟುಕೊಳ್ಳಿ, ತಲೆ ಬಗ್ಗಿಸಿ ಎಂದು ನನಗೆ ಆಜ್ಞೆಯಾಯಿತು. ಕನ್ನಡಕ ತೆಗೆದ ಮೇಲೆ ಕಂಡದ್ದು ಇಷ್ಟೇ: ಬೂದಿ ಬಣ್ಣದ್ದೊಂದು ನಮ್ಮ ಕಡೆಗೆ ಬರುತ್ತಿತ್ತು. ಸಾಹೇಬರ ಕೈ ತೊಡೆಯ ಕೆಳಗಿನಿಂದ ಇನ್ನೊಮ್ಮೆ ಹೊರಗೆ ಬಂತು, ಇನ್ನೊಮ್ಮೆ ಒಳಗೆ ಹೋಯಿತು. ನೆಲ ಒಮ್ಮೆ ಗುದ್ದಿತು. ಮತ್ತೊಮ್ಮೆ ಗುದ್ದಿತು. ಆಮೇಲೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಗಡಗಡ ಎಂದು ಓಡಿ, ಒಂದು ಕಲ್ಲಿಗೆ ಮುಂದಿನ ಗಾಲಿ ಬಡಿದು ಮೂತಿ ಸ್ವಲ್ಪ ಸೊಟ್ಟಗಾಗಿ ನಿಂತಿತು. ಮಣ್ಣಿನ ವಾಸನೆ, ಹಿಕ್ಕೆಯ ವಾಸನೆ. ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ವಾಸನೆ ನನ್ನ ಮೂಗಿಗೆ ಬಡಿದಿಲ್ಲ.

ಎಲ್ಲರೂ ಇಳಿದೆವು. ಸಾಹೇಬರು ವಿಮಾನದ ಹಿಂದೆ ಗಾಲಿಯ ಗುರುತು ಹಿಡಿದು ಹೊಲದ ತುದಿಯ ತನಕ ನಡೆದು ಹೋಗಿ, ನೋಡಿ, ತಿರುಗಿ ಬಂದರು. ಆ ಹುಡುಗಿ ರೆಕ್ಕೆಯ ನೆರಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಗಾಳಿಗೆ ಎದುರ ಇಳಿಸಿದಿ," ಎಂದರು. "ಚಲೋ."

ಅಷ್ಟೇ ಹೇಳಿದ್ದು. ಅಷ್ಟಕ್ಕೇ ಆಕೆ ಅತ್ತಳು. ಸಾಹೇಬರು ಈ ಕಡೆಗೆ ಬಂದು ನನ್ನ ಪಕ್ಕದಲ್ಲಿ ನಿಂತು ಎರಡೂ ಅಂಗೈ ಉಜ್ಜಿಕೊಳ್ಳತೊಡಗಿದರು. ಜೋಮು ಹಿಡಿದಿದ್ದವು. ಎರಡು ಸಲ ತಮ್ಮ ಮಾತು ಮೀರಿ ಹೋದವು ನೋಡಿ ಎಂದು, ಸಾಕಿದ ನಾಯಿಗಳ ಮೇಲೆ ದೂರು ಹೇಳುವವರಂತೆ, ತಮ್ಮ ಕೈಗಳ ಮೇಲೆ ನನಗೆ ದೂರು ಹೇಳಿದರು. ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಏನೂ ಆಗುತ್ತಿರಲಿಲ್ಲ, ಇಳಿಯುತ್ತಿದ್ದೆವು, ಆದರೆ ತಾವು ಕಲಿಸಿದ್ದು ಖರೆಯೋ ಸುಳ್ಳೋ ಎಂದು ಸಾಯುವ ತನಕ ಗೊತ್ತಾಗುತ್ತಿರಲಿಲ್ಲ ಎಂದರು.

ಅಷ್ಟರಲ್ಲಿ ಮೋಟರ್ ಸೈಕಲ್ಲುಗಳು ಬಂದವು. ಟ್ರ್ಯಾಕ್ಟರ್ ಬಂತು. ಕಮತಗಿಯ ಕಡೆಯ ಜನವೆಲ್ಲ ಮೊಬೈಲು ಎತ್ತಿ ಹಿಡಿದುಕೊಂಡೇ ಬಂತು. ಮೊದಲು ನಮ್ಮ ಮೈಕೈ ಮುಟ್ಟಿ ನೋಡಿದರು, ನೀರು ಕೊಟ್ಟರು. ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಗುಂಪಿನಲ್ಲಿ ಬೇರೆ ವಿಚಾರ ಓಡಾಡತೊಡಗಿತು. ಸಂಗಪ್ಪ ಮುಂದೆ ಬಂದ. ಅವನ ಕಣ್ಣಿನಲ್ಲಿ ನೋವಿತ್ತು.

"ಸಾಹೇಬ್ರ, ಇದು ನ್ಯಾಯ ಅಲ್ರಿ. ಇಷ್ಟ ದಿನಾ ನಮ್ಮ ಹೊಲಾ ಅಳದ್ರಿ, ನಮ್ಮ ಮನ್ಯಾಗ ಚಹಾ ಕುಡದ್ರಿ, ಕಡೀಕ ಇಮಾನ ತಂದು ಮಾಳಪ್ಪನ ಹೊಲದಾಗ ಇಳಸ್ತೀರಿ?"

ಗುಂಪಿನ ತುಂಬ ಅದೇ ಭಾವನೆ. ವಿಮಾನ ನಿಲ್ದಾಣ ಮಾಳಪ್ಪನ ಪಾಲಾಯಿತು ಎಂಬುದು ಅಷ್ಟರಲ್ಲೇ ನಿರ್ಣಯವಾಗಿಬಿಟ್ಟಿತ್ತು. ಮಾಳಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಗಳ ಹಿಂದಿನಿಂದ ಓಡೋಡಿ ಬಂದಾಗ ನಾಲ್ಕು ಜನ ಅವನ ಬೆನ್ನು ತಟ್ಟಿದರು, ಇಬ್ಬರು ಮಾತು ಬಿಟ್ಟರು. ಅವನು ಇದೇನನ್ನೂ ಕಿವಿಗೆ ಹಾಕಿಕೊಳ್ಳದೆ ವಿಮಾನದ ಸುತ್ತ ಒಂದು ಸುತ್ತು ಬಂದು, ಸೊಟ್ಟಗಾದ ಮುಂದಿನ ಗಾಲಿಯ ಮುಂದೆ ಕೂತು, ಅದಕ್ಕೆ ತಾಗಿದ ಕಲ್ಲನ್ನು ಬಹಳ ಹೊತ್ತು ನೋಡಿದ.

ಸಾಹೇಬರು ಆ ದಿನ ಜನರ ಮುಂದೆ ಕೈ ಮುಗಿದು ಪೂರ್ತಿ ಹೇಳಿದರು. ನಾನು ಸರಕಾರದವನಲ್ಲ, ಆಕಾಶದಲ್ಲಿ ಎಂಜಿನ್ ನಿಂತರೆ ಮಕ್ಕಳಿಗೆ ಇಳಿಯಲಿಕ್ಕೆ ಒಂದು ಜಾಗ ಬೇಕು, ಅದಕ್ಕಾಗಿ ಹೊಲ ನೋಡುತ್ತಿದ್ದೆ, ಇವತ್ತು ಖರೆ ನಿಂತಿತು, ಈ ಹೊಲ ಖಾಲಿ ಇದ್ದದ್ದಕ್ಕೆ ಬದುಕಿದೆವು ಎಂದರು. ಜನ ಆದರದಿಂದ ಕೇಳಿತು. ಎಷ್ಟು ಚಂದ ಮುಚ್ಚಿಟ್ಟು ಮಾತಾಡುತ್ತಾರೆ ನೋಡು ಎಂದು ನನ್ನ ಹಿಂದೆ ಯಾರೋ ಯಾರಿಗೋ ಹೇಳಿದ.

ಮಾಳಪ್ಪ ಮಾತ್ರ ಕೂತಲ್ಲಿಂದಲೇ ಕೇಳಿದ: "ಅಂದ್ರ, ಜಾಗಾ ಬಯಲು ಇದ್ರ ಸಾಕೇನ್ರಿ?"

"ಸಾಕು."

"ಕಲ್ಲು?"

"ಕಲ್ಲು ಇರಬಾರ್ದಪಾ."

ಮಾಳಪ್ಪ ಹೂಂ ಎಂದ. ಹೆಂಡತಿಗೆ ಹೇಳಿ ಮಜ್ಜಿಗೆ ತರಿಸಿದ.

ವಿಮಾನವನ್ನು ಆಮೇಲೆ ರೆಕ್ಕೆ ಬಿಚ್ಚಿ ಲಾರಿಯಲ್ಲಿ ಒಯ್ದರು. ಎಂಜಿನ್ನಿಗೆ ಎಣ್ಣೆ ಹೋಗುವ ದಾರಿಯಲ್ಲಿ ಏನೋ ಸಿಕ್ಕಿಕೊಂಡಿತ್ತಂತೆ. ಬಾಗಲಕೋಟೆಯಲ್ಲಿ ಒಂದು ಸನ್ಮಾನ ನಡೆಯದೆ ಬಿಡಲಿಲ್ಲ. ಫಲಕದ ಮೇಲೆ ಸಾಹೇಬರ ಭಾವಚಿತ್ರ ಆನೆಗಾತ್ರ, ಆ ಹುಡುಗಿಯದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಸಾಹೇಬರು ಮೈಕಿನ ಮುಂದೆ ನಿಂತು, ನಾನು ಏನೂ ಮಾಡಿಲ್ಲ, ಸುಮ್ಮನೆ ಕೂತಿದ್ದೆ ಎಂದರು. ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು. ವಿನಯವಲ್ಲ, ಖರೆ ಹೇಳುತ್ತಿದ್ದೇನೆ ಎಂದರು. ಚಪ್ಪಾಳೆ ಇನ್ನೂ ಜೋರಾಯಿತು, ಇನ್ನೊಂದು ಶಾಲು ಬಂತು. ಆ ಎರಡೂ ಶಾಲುಗಳನ್ನು ಅವರು ಮರುದಿನವೇ ಆಕೆಗೆ ಕಳಿಸಿಕೊಟ್ಟರು. ಚಹಾದಂಗಡಿಯಲ್ಲಿ ಅದೇ ಹಳೆಯ ಮಹನೀಯರು, ಈಗಲಾದರೂ ನಿಮ್ಮ ಎಂಜಿನ್ ನಿಂತಿತಲ್ಲ ಎಂದು ಕೆಣಕಿದರು.

"ನಿಂತದ್ದು ಆಕೀದ್ರಿ," ಎಂದರು ಸಾಹೇಬರು. "ನಾ ಪ್ಯಾಸೆಂಜರ್."

ಹಾಗೆ ಹೇಳುವಾಗ ಅವರ ಮುಖದಲ್ಲಿದ್ದ ಸುಖವನ್ನು ಮಂಡಳಿಯಲ್ಲಿ ಯಾರೂ ಅರ್ಥಮಾಡಿಕೊಂಡಂತೆ ಕಾಣಲಿಲ್ಲ.

ಈ ಸಲ ಹೋಳಿಯ ಬಣ್ಣ ಬೀದಿಯಿಂದ ಇನ್ನೂ ತೊಳೆದು ಹೋಗಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದ ಸಾಹೇಬರು ಏಳಲಿಲ್ಲ. ಇಳಕಲ್ಲಿಗೆ ಒಯ್ದು ಮಣ್ಣು ಮಾಡಿದರು. ಧಾರವಾಡದಿಂದ ಆ ಹುಡುಗಿ ಬಂದು ಬೇಗಂ ಅವರ ಪಕ್ಕದಲ್ಲಿ ಬೆಳಗಿನ ತನಕ ಕೂತಳು. ಸಂಗಪ್ಪನೂ ಒಂದು ಚೀಲ ನಿಂಬೆಹಣ್ಣು ಹೊತ್ತುಕೊಂಡು ಬಂದಿದ್ದ. ಗಿಡ ಫಲಕ್ಕೆ ಬಂದಿದ್ದವು. ಸರಕಾರ ಬಾರದಿದ್ದರೂ ಸಂತೆ ಇದೆಯಲ್ಲ ಎಂದು ಈಗ ಸಮಾಧಾನ ಮಾಡಿಕೊಂಡಿದ್ದ.

ಮಾಳಪ್ಪ ಬಂದಿರಲಿಲ್ಲ. ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ ಎಂದು ನಾನೇ ಒಂದು ದಿನ ಸ್ಕೂಟರ್ ತೆಗೆದುಕೊಂಡು ಹೋದೆ. ಕಡಲೆ ಕಿತ್ತು ಹೊಲ ಬಯಲಾಗಿತ್ತು. ಮಾಳಪ್ಪ ಬಗ್ಗಿ ಕಲ್ಲು ಆರಿಸುತ್ತಿದ್ದ. ಬದುವಿನ ಗುಂಟ ಆರಿಸಿದ ಕಲ್ಲಿನ ರಾಶಿ ಗೋಡೆಯಂತೆ ಎದ್ದಿತ್ತು. ಆ ಬೇಸಿಗೆಯಿಂದ ಈಚೆಗೆ ಅವನು ಎತ್ತರ ಬೆಳೆಯುವ ಪೈರು ಹಾಕುವುದನ್ನೇ ಬಿಟ್ಟು, ನೆಲಕ್ಕೆ ಅಂಟಿಕೊಂಡಿರುವ ಕಡಲೆಯನ್ನಷ್ಟೇ ಬಿತ್ತುತ್ತಿದ್ದಾನೆ, ಕುರಿಗಳನ್ನೂ ಹೊಲದ ನಡುವೆ ಮಲಗಿಸದೆ ಒಂದು ಮಗ್ಗುಲಿಗೆ ಮಲಗಿಸುತ್ತಾನೆ ಎಂದು ಅವನ ಹೆಂಡತಿ ನನಗೆ ದೂರು ಹೇಳಿದಳು.

ನಾನು ಸುದ್ದಿ ಹೇಳಿದೆ. ಮಾಳಪ್ಪ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು, ಕಂಬಳಿಯ ಮೇಲೆ ಕೂತು, ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಸಾಹೇಬರೇ ಹೋದ ಮೇಲೆ ಇನ್ನು ಇದೆಲ್ಲ ಯಾರಿಗಾಗಿ ಮಾಳಪ್ಪ ಎಂದು, ಏನಾದರೂ ಆಡಬೇಕೆಂದು, ಆಡಿದೆ.

"ಆ ತಂಗಿ ಇನ್ನೂ ಹಾರಸ್ತಾಳಲ್ರಿ?"

"ಹಾರಸ್ತಾಳ. ಮತ್ತ ಹುಡುಗರಿಗೂ ಕಲಿಸ್ತಾಳ."

ಮಾಳಪ್ಪ ಎದ್ದ. ರುಮಾಲು ಸುತ್ತಿಕೊಂಡು ಒಮ್ಮೆ ಆಕಾಶ ನೋಡಿದ, ಒಮ್ಮೆ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ನನ್ನನ್ನು ನೋಡಿದ.

"ಮತ್ತ ನಿಂತು ಏನ್ ನೋಡಾಕತ್ತೀರಿ ಶಿರಸ್ತೇದಾರ್ರ? ಕೊಡೀ ಆ ಕಡೆ ಇಟ್ಟು, ಆ ತುದಿಯಿಂದ ನೀವು ಕಲ್ಲು ಆರಸಾಕ ಹಿಡೀರಿ."